ಅಂಗಡಿ ನಿಮ್ಮದು, ಕೋಡ್ ಯಾರದು?

2004ರಲ್ಲಿ ಕೆನಡಾದ ಒಟ್ಟಾವಾದಲ್ಲಿ ಟೋಬಿಯಾಸ್ ಲುಟ್ಕೆ ಮತ್ತು ಅವರ ಸಂಗಡಿಗರು ಹಿಮದ ಮೇಲೆ ಜಾರುವ ಸ್ನೋಬೋರ್ಡ್‌ಗಳನ್ನು ಮಾರಲು ಸ್ನೋಡೆವಿಲ್ ಎಂಬ ಆನ್‌ಲೈನ್ ಅಂಗಡಿ ತೆರೆದರು. ಆಗ ಸಿಗುತ್ತಿದ್ದ ಅಂಗಡಿ ಸಾಫ್ಟ್‌ವೇರ್ ಯಾವುದೂ ಅವರಿಗೆ ಒಗ್ಗಲಿಲ್ಲ. ಲುಟ್ಕೆ ಪ್ರೋಗ್ರಾಮರ್ ಆಗಿದ್ದರಿಂದ ಬೇಕಾದದ್ದನ್ನು ತಾವೇ ಬರೆದುಕೊಂಡರು. ಸ್ನೋಬೋರ್ಡಿಗಿಂತ ಈ ಸಾಫ್ಟ್‌ವೇರ್ ದೊಡ್ಡ ವ್ಯಾಪಾರವಾಗಬಲ್ಲದು ಅನ್ನಿಸಿ 2006ರಲ್ಲಿ ಅದನ್ನೇ ಶಾಪಿಫೈ ಎಂಬ ಹೆಸರಿನಲ್ಲಿ ಹೊರತಂದರು. ಇಂದು ಸೀರೆ, ಉಪ್ಪಿನಕಾಯಿ, ಬೆಳ್ಳಿ ಒಡವೆ, ಮಕ್ಕಳ ಆಟಿಕೆ ಮಾರುವ ಲೆಕ್ಕವಿಲ್ಲದಷ್ಟು ಸಣ್ಣ ವ್ಯಾಪಾರಿಗಳು ಇಂಥ ಸಿದ್ಧ ವೇದಿಕೆಗಳ ಮೇಲೆ ಅಂಗಡಿ ಇಟ್ಟಿದ್ದಾರೆ. ಲುಟ್ಕೆಯವರನ್ನು ಕಾಡಿದ ಅತೃಪ್ತಿ ಇವರನ್ನೂ ಕೆಲವೇ ತಿಂಗಳಲ್ಲಿ ಕಾಡತೊಡಗುತ್ತದೆ. ಕೊಂಡ ಥೀಮ್ ಚೆನ್ನಾಗಿದೆ, ಆದರೆ ತಮ್ಮ ಸರಕಿಗೆ ಸರಿಯಾಗಿ ಕೂಡುತ್ತಿಲ್ಲ. ಆದರೆ ಇವರಲ್ಲಿ ಹೆಚ್ಚಿನವರಿಗೆ ಪ್ರೋಗ್ರಾಮಿಂಗ್ ಬಾರದು. ಹಾಗಾಗಿ ಅದನ್ನು ಬಲ್ಲವರನ್ನು ಹುಡುಕಿ ಕೆಲಸ ಒಪ್ಪಿಸಬೇಕಾಗುತ್ತದೆ. ಈ ಒಪ್ಪಿಸುವ ಹೊತ್ತಿನಲ್ಲಿ ಏನನ್ನು ಕೇಳಬೇಕು, ಕೆಲಸ ಚೆನ್ನಾಗಿ ಆಯಿತೆಂದು ಯಾವುದರಿಂದ ತಿಳಿಯಬೇಕು ಎಂಬುದೇ ಬಹುಪಾಲು ಮಾಲೀಕರಿಗೆ ತಿಳಿದಿರುವುದಿಲ್ಲ.

ಮೊದಲು ಥೀಮ್ ಎಂದರೇನು ಎಂದು ನೋಡೋಣ. ಆನ್‌ಲೈನ್ ಅಂಗಡಿಯಲ್ಲಿ ಸರಕಿನ ಪಟ್ಟಿ, ಬೆಲೆ, ಸ್ಟಾಕ್, ಆರ್ಡರ್ ಇವೆಲ್ಲ ವೇದಿಕೆಯ ಲೆಕ್ಕಪುಸ್ತಕದಲ್ಲಿರುತ್ತವೆ. ಅವನ್ನು ಗಿರಾಕಿಯ ಕಣ್ಣಿಗೆ ಹೇಗೆ ತೋರಿಸಬೇಕೆಂದು ಹೇಳುವ ಕಡತಗಳ ಕಟ್ಟೇ ಥೀಮ್. ಶಾಪಿಫೈನಲ್ಲಿ ಈ ಕಡತಗಳನ್ನು ಲಿಕ್ವಿಡ್ ಎಂಬ ಭಾಷೆಯಲ್ಲಿ ಬರೆಯುತ್ತಾರೆ. ಅದನ್ನು ರೂಪಿಸಿದವರೂ ಲುಟ್ಕೆಯವರೇ. ವರ್ಡ್‌ಪ್ರೆಸ್ ಮೇಲೆ ನಡೆಯುವ ವೂಕಾಮರ್ಸ್ ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಪಿಎಚ್‌ಪಿ ಬಳಕೆಯಾಗುತ್ತದೆ. ಉಚಿತ ಥೀಮ್‌ಗಳೂ ಇವೆ, ನೂರಾರು ಡಾಲರ್ ಬೆಲೆಯವೂ ಇವೆ. 2021ರಲ್ಲಿ ಶಾಪಿಫೈ ತನ್ನ ಥೀಮ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿ, ಡಾನ್ ಎಂಬ ಉಚಿತ ಥೀಮನ್ನು ಮಾದರಿಯಾಗಿ ಕೊಟ್ಟಿತು. ಅಂದಿನಿಂದ ಬಹುತೇಕ ಎಲ್ಲ ಪುಟಗಳನ್ನೂ ತುಂಡುತುಂಡಾದ ವಿಭಾಗಗಳಾಗಿ ಜೋಡಿಸಬಹುದು. ಕೋಡ್ ಮುಟ್ಟದೆ, ವೇದಿಕೆಯ ಎಡಿಟರಿನಲ್ಲೇ ಬಣ್ಣ, ಚಿತ್ರ, ಬ್ಯಾನರ್, ವಿಭಾಗಗಳ ಕ್ರಮ ಎಲ್ಲವನ್ನೂ ಬದಲಿಸಬಹುದು. ಹೊಸ ಅಂಗಡಿಗೆ ಬೇಕಾಗುವ ಬದಲಾವಣೆಗಳಲ್ಲಿ ಬಹಳಷ್ಟು ಇಷ್ಟರಲ್ಲೇ ಮುಗಿಯುತ್ತವೆ. ತಜ್ಞರ ಅಗತ್ಯ ಬೀಳುವುದು ಎಡಿಟರ್ ಎಲ್ಲಿಗೆ ನಿಲ್ಲುತ್ತದೋ ಅಲ್ಲಿಂದ ಮುಂದಕ್ಕೆ.

ಹಾಗೆ ಕರೆಸಿದ ತಜ್ಞರ ಕೆಲಸವನ್ನು ಅಳೆಯಲು ಸಾಮಾನ್ಯವಾಗಿ ಬಳಸುವ ಅಳತೆಗೋಲು ಒಂದೇ: ತೋರಿಸಿದ ದಿನ ಪುಟ ಹೇಗೆ ಕಂಡಿತು. ಈ ಅಳತೆಗೋಲು ತಪ್ಪು ದಾರಿ ಹಿಡಿಸುತ್ತದೆ ಎಂಬುದು ಈ ಲೇಖನದ ವಾದ. ಥೀಮ್ ತಿದ್ದುವ ಕೆಲಸದ ಗುಣ ಗೊತ್ತಾಗುವುದು ಡೆವಲಪರ್ ಹಣ ಪಡೆದು ಹೊರಟ ಮೇಲೆ. ಮಾಲೀಕರು ತಾವೇ ಅಂಗಡಿ ನಡೆಸಬಲ್ಲರೇ, ಥೀಮಿನ ಹೊಸ ಆವೃತ್ತಿ ಬಂದರೆ ಹಾಕಿಕೊಳ್ಳಬಹುದೇ, ಬೇರೊಬ್ಬ ಡೆವಲಪರ್ ಬಂದು ಆ ಕೋಡನ್ನು ಓದಿ ಮುಂದುವರಿಸಬಲ್ಲರೇ? ಈ ಮೂರಕ್ಕೂ ಹೌದು ಎನ್ನಲಾಗದಿದ್ದರೆ ಪುಟ ಎಷ್ಟೇ ಚೆನ್ನಾಗಿ ಕಂಡರೂ ಅಂಗಡಿಯ ಒಂದು ಭಾಗ ಮಾಲೀಕರ ಕೈತಪ್ಪಿತೆಂದೇ ಲೆಕ್ಕ. ಒಳ್ಳೆಯ ದರ್ಜಿ ರವಿಕೆ ಹೊಲಿಯುವಾಗ ಒಳಗಡೆ ಒಂದಿಷ್ಟು ಬಟ್ಟೆ ಬಿಟ್ಟು ಹೊಲಿಯುತ್ತಾರೆ. ಮುಂದೆ ಅಳತೆ ಬದಲಾದರೆ ಯಾವ ದರ್ಜಿ ಬೇಕಾದರೂ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡಬಹುದು. ಥೀಮ್ ತಜ್ಞರಿಗೆ ನಾವು ಕೊಡುವ ಹಣದ ದೊಡ್ಡ ಪಾಲು, ಹೊರಗೆ ಕಾಣದ ಆ ಒಳಬಟ್ಟೆಗೆ ಸಲ್ಲಬೇಕು.

ಒಂದು ಉದಾಹರಣೆ ನೋಡೋಣ. ಇಳಕಲ್ ಸೀರೆ ಮಾರುವ ಅಂಗಡಿಯೊಂದಿದೆ ಎಂದುಕೊಳ್ಳಿ. ಒಂದು ಸೀರೆ ಆರು ಬಣ್ಣಗಳಲ್ಲಿ ಸಿಗುತ್ತದೆ. ಫಾಲ್-ಪಿಕೋ ಬೇಕೋ ಬೇಡವೋ ಎಂದು ಗಿರಾಕಿ ಹೇಳಬೇಕು. ರವಿಕೆಯನ್ನು ಹೊಲಿಸದೆ ಕೊಡಬೇಕೋ, ಹೊಲಿಸಿ ಕೊಡಬೇಕೋ, ಲೈನಿಂಗ್ ಹಾಕಿ ಹೊಲಿಸಬೇಕೋ ಎಂಬ ಮೂರು ಆಯ್ಕೆ ಬೇರೆ. ಸುಲಭದ ದಾರಿ ಹಿಡಿಯುವ ಡೆವಲಪರ್ ಇವನ್ನೆಲ್ಲ ಸೀರೆಯ ಬಗೆಗಳೆಂದೇ ದಾಖಲಿಸುತ್ತಾರೆ. ಆರು ಬಣ್ಣ, ಎರಡು ಫಾಲ್ ಆಯ್ಕೆ, ಮೂರು ರವಿಕೆ ಆಯ್ಕೆ ಗುಣಿಸಿದರೆ 36 ಬಗೆಗಳು. ಪ್ರತಿಯೊಂದಕ್ಕೂ ಪ್ರತ್ಯೇಕ ಸ್ಟಾಕ್. ಕಪಾಟಿನಲ್ಲಿ ಇರುವುದು ಒಂದೇ ಕಪ್ಪು ಸೀರೆಯಾದರೂ ಕಂಪ್ಯೂಟರಿನಲ್ಲಿ ಅದು ಆರು ಕಡೆ ಹಂಚಿಹೋಗಿರುತ್ತದೆ. ಒಬ್ಬರು ಫಾಲ್ ಬೇಕೆಂದು, ಇನ್ನೊಬ್ಬರು ಬೇಡವೆಂದು ಅದೇ ಸೀರೆಯನ್ನು ಕೊಂಡುಬಿಡಬಹುದು. ಮೇಲಾಗಿ ಶಾಪಿಫೈ ಒಂದು ಸರಕಿಗೆ ಮೂರೇ ಬಗೆಯ ಆಯ್ಕೆ ಕೊಡುತ್ತದೆ. ನಾಳೆ ಕುಚ್ಚು ಕಟ್ಟಿಸುವ ಆಯ್ಕೆ ಸೇರಿಸಬೇಕೆಂದರೆ ಜಾಗವೇ ಇಲ್ಲ. ಅನುಭವಿ ಡೆವಲಪರ್ ಬಣ್ಣವನ್ನಷ್ಟೇ ಬಗೆಯಾಗಿ ಇಡುತ್ತಾರೆ. ಫಾಲ್-ಪಿಕೋ, ಹೊಲಿಗೆ ಇವನ್ನು ಆರ್ಡರಿಗೆ ಅಂಟಿಕೊಂಡ ಸೂಚನೆಗಳಾಗಿ ಪಡೆಯುತ್ತಾರೆ. ಇಂಥ ಸೂಚನೆಗೆ ಬೆಲೆ ಕಟ್ಟಲು ಬರುವುದಿಲ್ಲವಾದ್ದರಿಂದ ಹೊಲಿಗೆಯ ಮಜೂರಿಯನ್ನು ಪ್ರತ್ಯೇಕ ಸೇವೆಯಾಗಿ ಕಾರ್ಟಿಗೆ ಸೇರುವಂತೆ ಮಾಡುತ್ತಾರೆ. ಎರಡೂ ಪುಟಗಳು ಗಿರಾಕಿಗೆ ಕಾಣುವುದು ಒಂದೇ ರೀತಿ. ಸ್ಟಾಕ್ ತಾಳೆ ಹಾಕುವ ದಿನ ಮಾತ್ರ ಒಂದು ಅಂಗಡಿಯ ಲೆಕ್ಕ ಕೂಡುತ್ತದೆ, ಇನ್ನೊಂದರದು ಕೂಡುವುದಿಲ್ಲ.

ಕೋಡ್ ಬರೆಯುವ ರೀತಿಯಲ್ಲೂ ಇದೇ ಅಂತರವಿದೆ. ದೀಪಾವಳಿಗೆ ಮುಂಚೆ ಸೀರೆ ತಲುಪಬೇಕಾದರೆ ಇಂಥ ದಿನದೊಳಗೆ ಆರ್ಡರ್ ಕೊಡಿ ಎಂಬ ಸಾಲೊಂದು ಮುಖಪುಟದಲ್ಲಿ ಬೇಕು ಎನ್ನೋಣ. ಅದನ್ನು ನೇರವಾಗಿ ಕಡತದೊಳಗೆ ಬರೆದುಬಿಟ್ಟರೆ ಕೆಲಸ ಐದು ನಿಮಿಷದ್ದು. ಆದರೆ ಹಬ್ಬ ಮುಗಿದ ಮರುದಿನ ಆ ಸಾಲು ತೆಗೆಯಲು ಮತ್ತೆ ಡೆವಲಪರಿಗೇ ಫೋನ್ ಮಾಡಬೇಕು. ಅದೇ ಸಾಲನ್ನು ಎಡಿಟರಿನಲ್ಲಿ ಕಾಣುವ ಒಂದು ಸೆಟ್ಟಿಂಗ್ ಆಗಿ ಬರೆದರೆ ಮಾಲೀಕರೇ ಸಂಕ್ರಾಂತಿಗೆ, ಯುಗಾದಿಗೆ ಬದಲಿಸಿಕೊಳ್ಳುತ್ತಾರೆ. 'ಕಾರ್ಟಿಗೆ ಸೇರಿಸಿ', 'ಸ್ಟಾಕ್ ಮುಗಿದಿದೆ' ಇಂಥ ಪದಗಳಿಗೆ ಥೀಮಿನಲ್ಲಿ ಭಾಷೆಯ ಕಡತಗಳೇ ಬೇರೆ ಇವೆ. ಅಲ್ಲಿ ಬರೆದರೆ ಅಂಗಡಿಯನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ನಡೆಸುವುದು ಸಾಧ್ಯವಾಗುತ್ತದೆ. ಹೀಗೆ ಬರೆಯಲು ಮೊದಲ ದಿನ ಸ್ವಲ್ಪ ಹೆಚ್ಚು ಹೊತ್ತು ಹಿಡಿಯುತ್ತದೆ, ಅದಕ್ಕೆ ತಕ್ಕಂತೆ ಕೊಟೇಷನ್ನೂ ಏರುತ್ತದೆ. ಕಡಿಮೆ ಕೊಟೇಷನ್ ಕೊಟ್ಟವರು ಇದನ್ನು ಬಿಟ್ಟಿದ್ದಾರೋ ಎಂದು ಕೇಳದೆ ಎರಡು ಕೊಟೇಷನ್‌ಗಳನ್ನು ಹೋಲಿಸಿ ಪ್ರಯೋಜನವಿಲ್ಲ.

ಕನ್ನಡದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಹೆಚ್ಚಿನ ಥೀಮ್‌ಗಳನ್ನು ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿರುತ್ತಾರೆ. ಅವುಗಳ ಫಾಂಟಿನಲ್ಲಿ ಕನ್ನಡ ಅಕ್ಷರಗಳು ಇಲ್ಲದಿದ್ದರೆ ಗಿರಾಕಿಯ ಫೋನು ತನ್ನಲ್ಲಿರುವ ಯಾವುದೋ ಕನ್ನಡ ಫಾಂಟನ್ನು ತಂದು ತುಂಬುತ್ತದೆ. ಒಂದೊಂದು ಫೋನಿನಲ್ಲಿ ಒಂದೊಂದು ರೀತಿ ಕಾಣುತ್ತದೆ. ಸಾಲುಗಳ ನಡುವಿನ ಅಂತರ ಇಂಗ್ಲಿಷಿಗೆ ಹೊಂದುವಷ್ಟೇ ಇದ್ದರೆ 'ವಸ್ತ್ರ' ಎಂಬ ಪದದ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಗುಂಡಿಯೊಳಗಿನ ಬರಹದ ಬುಡ ಕತ್ತರಿಸಿಹೋಗುತ್ತದೆ. ಶೀರ್ಷಿಕೆಯ ಅಕ್ಷರಗಳ ನಡುವೆ ಅಂತರ ಬಿಡುವ ಫ್ಯಾಷನ್ ಕನ್ನಡಕ್ಕೆ ಬಂದರೆ ಪದವೇ ಚದುರಿದಂತೆ ಕಾಣುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ಅಂಗಡಿಯ ಜೊತೆಗೇ ಕಳಿಸಿ, ಕನ್ನಡ ಸಾಲಿಗೆ ಬೇರೆ ಅಂತರ ಕೊಟ್ಟರೆ ಇವೆಲ್ಲ ಸರಿಹೋಗುತ್ತವೆ. ಕನ್ನಡದಲ್ಲಿ ಅಂಗಡಿ ನಡೆಸುವವರು ಡೆವಲಪರನ್ನು ಆರಿಸುವಾಗ ಈ ಸಮಸ್ಯೆಯನ್ನು ಮುಂದಿಟ್ಟು, ಹೇಗೆ ಬಗೆಹರಿಸುತ್ತೀರಿ ಎಂದು ಕೇಳಬಹುದು. ಬರುವ ಉತ್ತರದಿಂದಲೇ ಅವರ ಅನುಭವ ತಿಳಿಯುತ್ತದೆ.

ಡೆವಲಪರ್ ಹೋದ ಮೇಲಿನ ಎರಡನೆಯ ಪರೀಕ್ಷೆ, ಥೀಮಿನ ಹೊಸ ಆವೃತ್ತಿ ಬಂದಾಗ. ವೇದಿಕೆಗಳು ನಿಂತ ನೀರಲ್ಲ. ಶಾಪಿಫೈನ ದೊಡ್ಡ ಯೋಜನೆಯಾದ ಪ್ಲಸ್ ಕೊಂಡವರು ಹಿಂದೆ ಹಣ ಪಾವತಿಯ ಪುಟವನ್ನು ಒಂದು ಲಿಕ್ವಿಡ್ ಕಡತದ ಮೂಲಕ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದಿತ್ತು. ಕಂಪನಿ ಆ ದಾರಿಯನ್ನು ಮುಚ್ಚಲು ನಿರ್ಧರಿಸಿತು. ವಿಳಾಸ, ಸಾಗಣೆ, ಪಾವತಿಯ ಪುಟಗಳಿಗೆ 2024ರ ಆಗಸ್ಟ್ ಗಡುವಾಯಿತು. ಆ ಕಡತದಲ್ಲಿ ಹಣ ಸುರಿದಿದ್ದ ಅಂಗಡಿಗಳು ಆ ಕೆಲಸವನ್ನೆಲ್ಲ ಹೊಸ ವಿಧಾನದಲ್ಲಿ ಮತ್ತೆ ಮಾಡಿಸಬೇಕಾಯಿತು. ವೂಕಾಮರ್ಸ್‌ನಲ್ಲೂ ಹೀಗೆಯೇ. ಮೂಲ ಥೀಮಿನ ಕಡತವನ್ನೇ ತಿದ್ದಿದರೆ ಮುಂದಿನ ಅಪ್‌ಡೇಟ್ ಆ ತಿದ್ದುಪಡಿಯನ್ನೆಲ್ಲ ಅಳಿಸಿಹಾಕುತ್ತದೆ. ಅದಕ್ಕೆಂದೇ ವರ್ಡ್‌ಪ್ರೆಸ್‌ನಲ್ಲಿ ಚೈಲ್ಡ್ ಥೀಮ್ ಎಂಬ ಪದ್ಧತಿ ಇದೆ: ಮೂಲವನ್ನು ಮುಟ್ಟದೆ, ಬದಲಾವಣೆಗಳನ್ನಷ್ಟೇ ಪಕ್ಕದ ಒಂದು ಥೀಮಿನಲ್ಲಿ ಇಡುವುದು. ಹೊಸ ಆವೃತ್ತಿ ಹಾಕಿದರೆ ಎಲ್ಲ ಕೆಡುತ್ತದೆಂದು ಹೆದರಿ ಮಾಲೀಕರು ಹಳೆಯದರಲ್ಲೇ ಉಳಿದರೆ ಭದ್ರತೆಯ ತೇಪೆಗಳೂ ಬರುವುದಿಲ್ಲ. ಆದ್ದರಿಂದ ತಿದ್ದುಪಡಿಗಳು ಕಡಿಮೆಯಿದ್ದಷ್ಟೂ, ಪ್ರತ್ಯೇಕ ಕಡತಗಳಲ್ಲಿ ಇದ್ದಷ್ಟೂ, ಯಾವ ಕಡತದಲ್ಲಿ ಏನು ಮಾಡಿದೆ ಎಂದು ಬರೆದಿಟ್ಟಷ್ಟೂ ಅಂಗಡಿ ಕ್ಷೇಮ. ಗಿಟ್ ಎಂಬ ಸಾಧನದಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯುತ್ತದೆ. ಅದನ್ನು ಬಳಸುವ ಡೆವಲಪರಿಗೂ ಬಳಸದವರಿಗೂ ಇರುವ ವ್ಯತ್ಯಾಸ ಮಾಲೀಕರಿಗೆ ಕಣ್ಣಿಗೆ ಕಾಣದಿರಬಹುದು. ಮುಂದೆ ಬರುವ ಡೆವಲಪರಿಗೆ ಅರ್ಧ ಗಂಟೆಯಲ್ಲೇ ಕಾಣುತ್ತದೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇಷ್ಟೆಲ್ಲ ತಾಪತ್ರಯ ಯಾಕೆ, ಪ್ರತಿಯೊಂದು ಕೆಲಸಕ್ಕೂ ಒಂದೊಂದು ಆ್ಯಪ್ ಇದೆಯಲ್ಲ? ಪಿನ್ ಕೋಡ್ ಹಾಕಿದರೆ ಡೆಲಿವರಿ ಇದೆಯೋ ಇಲ್ಲವೋ ಹೇಳುವುದಕ್ಕೆ, ವಿಮರ್ಶೆ ತೋರಿಸುವುದಕ್ಕೆ, ವಾಟ್ಸ್‌ಆ್ಯಪ್ ಗುಂಡಿ ಇಡುವುದಕ್ಕೆ ಸಿದ್ಧ ಆ್ಯಪ್‌ಗಳು ಸಿಗುತ್ತವೆ, ನಿಜ. ಕೆಲವು ಕೆಲಸಗಳಿಗೆ ಆ್ಯಪ್ ಒಳ್ಳೆಯ ಆಯ್ಕೆಯೇ. ಸಾಗಣೆ ಕಂಪನಿಗಳ ಜೊತೆ ಕೊಂಡಿ ಹಾಕುವ ಕೆಲಸವನ್ನು ಸಣ್ಣ ಅಂಗಡಿ ಹೊಸದಾಗಿ ಬರೆಸುವುದರಲ್ಲಿ ಅರ್ಥವಿಲ್ಲ. ಆದರೆ ಹಣ ಕೊಡಬೇಕಾದ ಆ್ಯಪ್ ಎಂದರೆ ಸಾಮಾನ್ಯವಾಗಿ ತಿಂಗಳ ಬಾಡಿಗೆ, ಮತ್ತು ಪ್ರತಿ ಪುಟದ ಜೊತೆ ಗಿರಾಕಿಯ ಫೋನಿಗೆ ಇಳಿಯುವ ಇನ್ನಷ್ಟು ಕೋಡ್. ಗೂಗಲ್ ಪುಟಗಳ ಅನುಭವವನ್ನು ಅಳೆಯಲು ಇಟ್ಟುಕೊಂಡಿರುವ ಮಾನದಂಡದ ಪ್ರಕಾರ ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಬೆರಳು ತಾಕಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು. ಹತ್ತು ಆ್ಯಪ್ ತುಂಬಿದ ಅಂಗಡಿ ಅಗ್ಗದ ಫೋನಿನಲ್ಲಿ, ಸಿಗ್ನಲ್ ಸರಿಯಿಲ್ಲದ ಊರಿನಲ್ಲಿ ಈ ಮಿತಿಯೊಳಗೆ ಬರುವುದು ಕಷ್ಟ. ಹಳೆಯ ಥೀಮ್‌ಗಳಲ್ಲಿ ಆ್ಯಪ್ ತೆಗೆದುಹಾಕಿದ ಮೇಲೂ ಅದು ಕಡತಗಳಲ್ಲಿ ಸೇರಿಸಿದ್ದ ಸಾಲುಗಳು ಉಳಿದುಬಿಡುತ್ತಿದ್ದವು. ಅವನ್ನು ಹುಡುಕಿ ಕೀಳುವುದೇ ತಜ್ಞರಿಗೆ ಒಂದು ಕೆಲಸ. ಮೂರು ಆ್ಯಪ್‌ಗಳ ಬದಲು ಇಪ್ಪತ್ತು ಸಾಲು ಲಿಕ್ವಿಡ್ ಸಾಕೆಂದು ಹೇಳುವ ಡೆವಲಪರ್ ತಮ್ಮ ಮಜೂರಿಯನ್ನು ಕೆಲವು ತಿಂಗಳ ಬಾಡಿಗೆಯಲ್ಲೇ ತೀರಿಸಿಕೊಟ್ಟಂತೆ.

ಬೇಡದ್ದನ್ನು ಬೇಡ ಎನ್ನುವ ಧೈರ್ಯವೂ ತಜ್ಞರಲ್ಲಿರಬೇಕು. ಹಣ ಕೊಡುವ ಮಾಲೀಕರು ಕೇಳುವುದನ್ನೆಲ್ಲ ಮಾಡಿಕೊಡುವುದೇ ಸೇವೆ ಎಂದುಕೊಂಡವರು ಅವರನ್ನು ಕಾನೂನಿನ ತೊಡಕಿಗೂ ಸಿಕ್ಕಿಸಬಲ್ಲರು. ವಿದೇಶಿ ಅಂಗಡಿಗಳನ್ನು ನೋಡಿದವರಿಗೆ ಮೊದಲು ಬೇಕೆನಿಸುವುದು ಹಿಮ್ಮುಖವಾಗಿ ಓಡುವ ಗಡಿಯಾರ, 'ಎರಡೇ ಉಳಿದಿವೆ' ಎಂಬ ಕೆಂಪು ಪಟ್ಟಿ, ತಾನೇ ಟಿಕ್ ಆಗಿರುವ ಚೌಕ. ಭಾರತದಲ್ಲಿ 2023ರ ನವೆಂಬರಿನಲ್ಲಿ ಹೊರಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಗಿರಾಕಿಯನ್ನು ದಾರಿ ತಪ್ಪಿಸುವ 13 ಬಗೆಯ ವಿನ್ಯಾಸಗಳನ್ನು ಹೆಸರಿಸಿದೆ. ಸುಳ್ಳು ತುರ್ತು ತೋರಿಸುವುದು, ಕೇಳದೆ ಕಾರ್ಟಿಗೆ ಏನನ್ನಾದರೂ ಸೇರಿಸುವುದು, ಕೊನೆಯಲ್ಲಿ ಬೆಲೆ ಏರಿಸುವುದು ಆ ಪಟ್ಟಿಯಲ್ಲಿವೆ. ಮೊದಲೇ ಟಿಕ್ ಮಾಡಿಟ್ಟ ಚೌಕದ ಮೂಲಕ ಒಪ್ಪಿಗೆ ಪಡೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳೇ ತಡೆದಿವೆ. ಅದೇ ನಿಯಮಗಳ ಪ್ರಕಾರ ಅಂಗಡಿಯ ಹೆಸರು, ವಿಳಾಸ, ದೂರು ಸ್ವೀಕರಿಸುವ ಅಧಿಕಾರಿಯ ವಿವರ ಪುಟದಲ್ಲಿ ಕಾಣಬೇಕು. ಚಟ್ನಿಪುಡಿಯಂಥ ಪೊಟ್ಟಣದ ಸರಕಾದರೆ ಎಂಆರ್‌ಪಿ, ನಿವ್ವಳ ತೂಕ, ತಯಾರಕರ ವಿಳಾಸ ಮುಂತಾದವನ್ನೂ ತೋರಿಸಬೇಕು. ಬೇರೆ ದೇಶದ ಥೀಮಿನಲ್ಲಿ ಇವಕ್ಕೆಂದೇ ಜಾಗ ಸಾಮಾನ್ಯವಾಗಿ ಇರುವುದಿಲ್ಲ. ನಮ್ಮ ಅಂಗಡಿಗಳಿಗೆ ನಿಜವಾಗಿ ಬೇಕಾದ ತಿದ್ದುಪಡಿಗಳಲ್ಲಿ ಇವೂ ಸೇರಿವೆ, ಆದರೆ ಮಾಲೀಕರು ಬರೆದುಕೊಡುವ ಪಟ್ಟಿಯಲ್ಲಿ ಕಾಣುವುದು ಅಪರೂಪ.

ಇಂಥ ತಜ್ಞರನ್ನು ಆರಿಸುವುದು ಹೇಗೆ? ಹಿಂದಿನ ಕೆಲಸಗಳ ಚಿತ್ರ ನೋಡಿ ತೀರ್ಮಾನಿಸುವುದು ಸಾಲದು. ಅವರು ಮಾಡಿದ ಅಂಗಡಿಯೊಂದನ್ನು ನಿಮ್ಮದೇ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆದು ಕಾರ್ಟಿನವರೆಗೆ ಹೋಗಿ ನೋಡಿ. ಆ ಅಂಗಡಿ ಈಗಲೂ ನಡೆಯುತ್ತಿದೆಯೇ, ಅದರ ಮಾಲೀಕರು ಸಣ್ಣ ಬದಲಾವಣೆಗಳನ್ನು ತಾವೇ ಮಾಡಿಕೊಳ್ಳುತ್ತಾರೆಯೇ ಎಂದು ಕೇಳಿ. ಬಳಿಕ ನಿಮ್ಮ ಬೇಡಿಕೆಗಳಲ್ಲಿ ಯಾವುದು ಎಡಿಟರಿನಲ್ಲೇ ಆಗುತ್ತದೆ, ಯಾವುದಕ್ಕೆ ಕೋಡ್ ಬೇಕು, ಯಾವುದು ಬೇಡ ಎಂದು ವಿಂಗಡಿಸಿಕೊಡಲು ಹೇಳಿ. ಎಲ್ಲದಕ್ಕೂ ಕೋಡ್ ಬೇಕು ಎನ್ನುವವರನ್ನೂ ಎಲ್ಲವೂ ಆಗುತ್ತದೆ ಎನ್ನುವವರನ್ನೂ ಅನುಮಾನಿಸಬಹುದು. ಶಾಪಿಫೈನ ಸಾಮಾನ್ಯ ಯೋಜನೆಯಲ್ಲಿ ಹಣ ಪಾವತಿಯ ಪುಟವನ್ನು ಥೀಮಿನ ಕೋಡಿನಿಂದ ತಿದ್ದಲು ಬರುವುದಿಲ್ಲ. ಅದನ್ನೂ ಬೇಕಾದಂತೆ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಳ್ಳುವವರಿಗೆ ವೇದಿಕೆಯ ಪರಿಚಯ ಸಾಲದು. ದೊಡ್ಡ ಕೆಲಸ ಒಪ್ಪಿಸುವ ಮೊದಲು ಒಂದು ಸಣ್ಣ ಕೆಲಸವನ್ನು ಹಣ ಕೊಟ್ಟು ಮಾಡಿಸಿ ನೋಡುವುದು ಒಳ್ಳೆಯದು. ಪುಕ್ಕಟೆ ಮಾದರಿ ಕೇಳಿದರೆ ಕೈತುಂಬ ಕೆಲಸವಿರುವ ಒಳ್ಳೆಯವರು ಬರುವುದಿಲ್ಲ. ಬೇಡಿಕೆಗಳನ್ನು ಬರೆದು ಕೊಡುವ ಹೊಣೆ ಮಾಲೀಕರದು. 'ಪುಟ ರಿಚ್ ಆಗಿ ಕಾಣಬೇಕು' ಎಂದರೆ ಯಾರಿಗೂ ಏನೂ ಹೇಳಿದಂತಾಗದು. 'ಸೆರಗಿನ ಚಿತ್ರ ಎರಡನೆಯದಾಗಿ ಬರಬೇಕು, ಒತ್ತಿದರೆ ನೇಯ್ಗೆ ಕಾಣುವಷ್ಟು ದೊಡ್ಡದಾಗಬೇಕು' ಎಂದರೆ ಮಾಡಬಹುದು, ಆಯಿತೋ ಇಲ್ಲವೋ ಪರೀಕ್ಷಿಸಲೂಬಹುದು.

ಕೆಲಸ ಶುರುವಾಗುವ ದಿನ ಎರಡು ವಿಷಯಗಳಲ್ಲಿ ಉದಾಸೀನ ಸಲ್ಲದು. ಒಂದು, ಲಾಗಿನ್. ಮಾಲೀಕರ ಪಾಸ್‌ವರ್ಡನ್ನೂ ಓಟಿಪಿಯನ್ನೂ ವಾಟ್ಸ್‌ಆ್ಯಪಿನಲ್ಲಿ ಕಳಿಸಿಬಿಡುವುದು ನಮ್ಮಲ್ಲಿ ಮಾಮೂಲಾಗಿದೆ. ಶಾಪಿಫೈನಲ್ಲಿ ಹೊರಗಿನ ಡೆವಲಪರಿಗೆಂದೇ ಕೊಲ್ಯಾಬರೇಟರ್ ಖಾತೆಯ ವ್ಯವಸ್ಥೆಯಿದೆ. ಥೀಮ್ ಮಾತ್ರ ಮುಟ್ಟಲು ಬಿಟ್ಟು, ಗಿರಾಕಿಗಳ ವಿವರ ಮತ್ತು ಹಣಕಾಸನ್ನು ಮುಚ್ಚಿಡಬಹುದು, ಕೆಲಸ ಮುಗಿದ ದಿನ ಖಾತೆ ತೆಗೆದುಹಾಕಬಹುದು. ಹೊರಗಿನವರಿಗೆ ಕೊಟ್ಟ ಲಾಗಿನ್ ಎಷ್ಟು ದುಬಾರಿಯಾಗಬಹುದು ನೋಡಿ: 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ವೆಬ್‌ಸೈಟಿನಲ್ಲಿ ದುಷ್ಕರ್ಮಿಗಳು ಸ್ಕ್ರಿಪ್ಟ್ ತಿದ್ದಿ, ಪಾವತಿ ಮಾಡುವವರ ಕಾರ್ಡ್ ವಿವರಗಳನ್ನು ಕದ್ದರು. ಅವರು ಒಳಗೆ ಬಂದದ್ದು ಹೊರಗಿನ ಸರಬರಾಜು ಸಂಸ್ಥೆಯೊಂದಕ್ಕೆ ಸೇರಿದ ಲಾಗಿನ್ ಮೂಲಕ. ನಾಲ್ಕು ಲಕ್ಷಕ್ಕೂ ಹೆಚ್ಚು ಗಿರಾಕಿಗಳ ಮಾಹಿತಿಗೆ ಧಕ್ಕೆಯಾದ ಆ ಪ್ರಕರಣದಲ್ಲಿ ಬ್ರಿಟನ್ನಿನ ಮಾಹಿತಿ ಆಯುಕ್ತರು 2020ರಲ್ಲಿ ಎರಡು ಕೋಟಿ ಪೌಂಡ್ ದಂಡ ಹಾಕಿದರು. ಅಷ್ಟು ದೊಡ್ಡ ಕಂಪನಿಯೇ ಎಡವಿದ ಜಾಗ ಇದು. ಇನ್ನೊಂದು, ಕೆಲಸ ಮಾಡುವ ಸ್ಥಳ. ನಡೆಯುತ್ತಿರುವ ಅಂಗಡಿಯ ಥೀಮನ್ನು ನೇರವಾಗಿ ತಿದ್ದಬಾರದು. ಅದರ ನಕಲು ಮಾಡಿಕೊಂಡು, ಅಲ್ಲಿ ತಿದ್ದಿ, ನೋಡಿ ಒಪ್ಪಿದ ಮೇಲೆ ಪ್ರಕಟಿಸಬೇಕು. ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳುವುದು ಒಂದು ಕ್ಲಿಕ್ಕಿನ ಕೆಲಸ.

ಹಣ ಕೊಟ್ಟು ಬರೆಸಿದ ಕೋಡ್ ತಮ್ಮದೇ ಎಂದು ಎಲ್ಲ ಮಾಲೀಕರೂ ತಿಳಿದಿರುತ್ತಾರೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆ ಹೇಳುವುದಿಲ್ಲ. ಕಂಪ್ಯೂಟರ್ ಪ್ರೋಗ್ರಾಮ್ ಕಾಯ್ದೆಯ ಕಣ್ಣಿನಲ್ಲಿ ಸಾಹಿತ್ಯ ಕೃತಿ. 17ನೇ ಸೆಕ್ಷನ್ ಪ್ರಕಾರ ಅದರ ಮೊದಲ ಒಡೆಯರು ಬರೆದವರು. ಸಂಬಳಕ್ಕಿರುವ ನೌಕರ ಕೆಲಸದ ಭಾಗವಾಗಿ ಬರೆದರೆ ಅದು ಧಣಿಯದು. ಗುತ್ತಿಗೆಗೆ ಬಂದ ಸ್ವತಂತ್ರ ಡೆವಲಪರ್ ಬರೆದದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ, ಅವರದೇ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕೆಂದು 19ನೇ ಸೆಕ್ಷನ್ ಹೇಳುತ್ತದೆ. ಆ ಬರಹದಲ್ಲಿ ಅವಧಿ ಕಾಣಿಸದಿದ್ದರೆ ಐದು ವರ್ಷವೆಂದೂ, ವ್ಯಾಪ್ತಿ ಹೇಳದಿದ್ದರೆ ಭಾರತದೊಳಗೆ ಮಾತ್ರವೆಂದೂ ಎಣಿಕೆ. ಅಮೆರಿಕದ ಕನ್ನಡಿಗರಿಗೆ ಸೀರೆ ಕಳಿಸುವ ಅಂಗಡಿಗೆ ಇದು ಸಣ್ಣ ವಿಷಯವಲ್ಲ. ಜಗಳವಾಗುವವರೆಗೆ ಯಾರೂ ಇದನ್ನು ಓದುವುದಿಲ್ಲ. ನನಗಾಗಿ ಬರೆದ ಕೋಡಿನ ಎಲ್ಲ ಹಕ್ಕುಗಳೂ ಪೂರ್ತಿ ಅವಧಿಗೆ, ಎಲ್ಲ ದೇಶಗಳಿಗೆ ನನಗೆ ಸೇರತಕ್ಕವು ಎಂಬ ಒಂದು ಸಾಲನ್ನು ಕೆಲಸದ ಒಪ್ಪಂದದಲ್ಲೇ ಸೇರಿಸಿ ಸಹಿ ಮಾಡಿಸುವುದಕ್ಕೆ ಖರ್ಚೇನೂ ಇಲ್ಲ. ಮೂಲ ಥೀಮಿನ ಹಕ್ಕು ಮಾತ್ರ ಅದನ್ನು ಮಾಡಿದ ಕಂಪನಿಯದು. ಶಾಪಿಫೈ ಮಳಿಗೆಯಲ್ಲಿ ಕೊಂಡ ಥೀಮಿನ ಪರವಾನಗಿ ಒಂದು ಅಂಗಡಿಗಷ್ಟೇ. ಡೆವಲಪರ್ ಬೇರೆಯವರಿಗೆ ಕೊಂಡ ಥೀಮನ್ನು ನಿಮ್ಮ ಅಂಗಡಿಗೂ ಹಾಕಿಕೊಟ್ಟರೆ ಅಗ್ಗವಾಗಿ ಕಂಡರೂ ಅದು ನಿಮ್ಮ ಹೆಸರಿನಲ್ಲಿ ನಡೆದ ಉಲ್ಲಂಘನೆ.

ಈಗ ಕೃತಕ ಬುದ್ಧಿಮತ್ತೆ ಲಿಕ್ವಿಡ್ ಕೋಡನ್ನೂ ಬರೆದುಕೊಡುತ್ತದಲ್ಲ, ಇನ್ನು ತಜ್ಞರು ಯಾಕೆ ಎಂಬುದು ಇತ್ತೀಚಿನ ಆಕ್ಷೇಪ. ಇದರಲ್ಲಿ ಹುರುಳಿದೆ. ಗುಂಡಿಯ ಬಣ್ಣ ಬದಲಿಸಲು, ಒಂದು ಸಾಲು ಸೇರಿಸಲು, ದೋಷದ ಕಾರಣ ತಿಳಿಯಲು ಇಂಥ ಸಾಧನಗಳು ಚೆನ್ನಾಗಿಯೇ ನೆರವಾಗುತ್ತವೆ; ನಕಲು ಥೀಮಿನಲ್ಲಿ ಪ್ರಯತ್ನಿಸಿದರೆ ಅಪಾಯವೂ ಕಡಿಮೆ. ಕೋಡ್ ಟೈಪಿಸುವ ಕೆಲಸದ ಬೆಲೆ ಇದರಿಂದ ಇಳಿಯುವುದೂ ಖಚಿತ. ಆದರೆ ಇದು ಈ ಲೇಖನದ ವಾದವನ್ನೇ ಗಟ್ಟಿ ಮಾಡುತ್ತದೆ. ಸೀರೆಗೆ ಮೂರು ಬಗೆಯ ಆಯ್ಕೆ ಸೇರಿಸು ಎಂದರೆ ಯಂತ್ರ ಸೇರಿಸಿಕೊಡುತ್ತದೆ. ಹಾಗೆ ಸೇರಿಸಿದರೆ ನಿಮ್ಮ ಗೋದಾಮಿನ ಲೆಕ್ಕ ಏನಾಗುತ್ತದೆಂದು ವ್ಯಾಪಾರವನ್ನು ಅರಿತವರು ಕೇಳಬೇಕು. ತಾನು ಕೊಟ್ಟ ಕೋಡ್ ಆರು ತಿಂಗಳ ನಂತರ ಕೆಟ್ಟರೆ ಉತ್ತರ ಹೇಳಬೇಕಾದ ಹೊಣೆಯೂ ಯಂತ್ರಕ್ಕಿಲ್ಲ. ಬರೆಯುವುದು ಅಗ್ಗವಾದಷ್ಟೂ ಬೇಡದ ಕೋಡ್ ಅಂಗಡಿಯೊಳಗೆ ಬಂದು ಕೂರುವುದೂ ಸುಲಭವಾಗುತ್ತದೆ. ಆದ್ದರಿಂದ ಏನನ್ನು ಬರೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ತೀರ್ಮಾನಿಸುವವರ ಬೆಲೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.

ಕೊನೆಯ ಆಕ್ಷೇಪವೇ ಹೆಚ್ಚು ತೂಕದ್ದು. ತಿಂಗಳಿಗೆ ನಲವತ್ತೋ ಐವತ್ತೋ ಆರ್ಡರ್ ಬರುವ ಅಂಗಡಿಗೆ ತಜ್ಞರು, ಒಪ್ಪಂದ, ದಾಖಲೆ ಎಂದರೆ ಮೂಗಿಗಿಂತ ಮೂಗುತಿ ಭಾರವಾಗುವುದಿಲ್ಲವೇ? ಆಗುತ್ತದೆ. ಹಾಗಾಗುವ ಅಂಗಡಿ ಕಡಿಮೆ ಗುಣದ ಕೆಲಸ ಕೊಳ್ಳುವ ಬದಲು ಕಡಿಮೆ ಕೆಲಸ ಕೊಳ್ಳಬೇಕು. ಉಚಿತ ಥೀಮ್, ಚೆನ್ನಾಗಿ ತೆಗೆದ ಫೋಟೋ, ಸ್ಪಷ್ಟವಾಗಿ ಬರೆದ ರಿಟರ್ನ್ ನಿಯಮ, ಕ್ಯಾಶ್ ಆನ್ ಡೆಲಿವರಿ ಮತ್ತು ಯುಪಿಐ ಇಷ್ಟರಲ್ಲೇ ಬಹಳ ದೂರ ಹೋಗಬಹುದು. ಬಳಕೆದಾರರು ತಮ್ಮ ಹೆಚ್ಚಿನ ಸಮಯವನ್ನು ಬೇರೆ ಸೈಟುಗಳಲ್ಲೇ ಕಳೆಯುತ್ತಾರೆ, ಆದ್ದರಿಂದ ನಿಮ್ಮದೂ ಅವುಗಳಂತೆಯೇ ನಡೆದುಕೊಳ್ಳಲಿ ಎಂದು ಬಯಸುತ್ತಾರೆ ಎಂಬುದು ವೆಬ್ ಬಳಕೆಯನ್ನು ದಶಕಗಳಿಂದ ಅಧ್ಯಯನ ಮಾಡಿದ ಜಾಕೋಬ್ ನೀಲ್ಸನ್ ಅವರ ಪ್ರಸಿದ್ಧ ಮಾತು. ಕಾರ್ಟ್ ಎಲ್ಲಿರಬೇಕೋ ಅಲ್ಲೇ ಇದ್ದರೆ ಗಿರಾಕಿಗೆ ಅನುಕೂಲ. ನಮ್ಮ ಅಂಗಡಿ ಬೇರೆಯಾಗಿ ಕಾಣಲಿ ಎಂಬ ಆಸೆಯನ್ನು ಸರಕು, ಚಿತ್ರ ಮತ್ತು ಮಾತಿನಿಂದ ತೀರಿಸಿಕೊಳ್ಳುವುದು ಅಗ್ಗ. ಪರಿಚಯದ ಹುಡುಗನೊಬ್ಬ ಪ್ರೀತಿಯಿಂದ ಕೆಲಸ ಮಾಡಿಕೊಡುವುದಾದರೆ ಅದೂ ಒಳ್ಳೆಯದೇ. ಆದರೆ ಲಾಗಿನ್, ನಕಲು ಥೀಮ್, ಬರೆದಿಟ್ಟ ಟಿಪ್ಪಣಿ ಇವು ಅವನಿಗೂ ಅನ್ವಯಿಸಬೇಕು. ಅವನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕ ದಿನ ಅಂಗಡಿ ನಿಲ್ಲಬಾರದು.

ಈ ಎಲ್ಲ ಮಾತುಗಳನ್ನು ಒಂದು ಷರತ್ತಿನಲ್ಲಿ ಹಿಡಿದಿಡಬಹುದು. ಹಣವನ್ನು ಕಂತುಗಳಲ್ಲಿ ಕೊಡುವುದು ಹೇಗೂ ರೂಢಿ: ಅಡ್ವಾನ್ಸ್ ಒಂದು ಪಾಲು, ನಕಲು ಥೀಮಿನಲ್ಲಿ ಕೆಲಸ ತೋರಿಸಿದಾಗ ಒಂದು ಪಾಲು, ಕೊನೆಯಲ್ಲಿ ಉಳಿದದ್ದು. ಆ ಕೊನೆಯ ಕಂತನ್ನು ಅಂಗಡಿ ಪ್ರಕಟವಾದ ದಿನಕ್ಕೆ ಕಟ್ಟಿಹಾಕುವ ಬದಲು ಮಾಲೀಕರ ಪರೀಕ್ಷೆಗೆ ಕಟ್ಟಿಹಾಕಿ. ಪ್ರಕಟವಾಗಿ ಎರಡು ವಾರದ ನಂತರ, ಡೆವಲಪರ್ ಏನೂ ಹೇಳಿಕೊಡದೆ ನೋಡುತ್ತಿರುವಾಗ, ಮಾಲೀಕರು ಒಂದು ಹೊಸ ಸೀರೆಯನ್ನು ಅದರ ಎಲ್ಲ ವಿವರಗಳೊಂದಿಗೆ ಸೇರಿಸಬೇಕು, ಹಬ್ಬದ ಸಾಲನ್ನು ಬದಲಿಸಬೇಕು, ಒಂದು ವಿಭಾಗವನ್ನು ತೆಗೆದು ಇನ್ನೊಂದನ್ನು ಇಡಬೇಕು, ಯಾವ ಕಡತದಲ್ಲಿ ಏನು ಬದಲಾಗಿದೆ ಎಂಬ ಟಿಪ್ಪಣಿ ಮತ್ತು ಹಕ್ಕು ವರ್ಗಾವಣೆಯ ಪತ್ರ ಕೈಯಲ್ಲಿರಬೇಕು. ಅಷ್ಟಾದರೆ ಕಂತು ಸಂದಾಯ. ಈ ಷರತ್ತನ್ನು ಮೊದಲ ಮಾತುಕತೆಯಲ್ಲೇ ಹೇಳಿದರೆ ಇನ್ನೊಂದು ಲಾಭವೂ ಇದೆ: ಮುಂದೆಯೂ ತಮ್ಮನ್ನೇ ಕರೆಯುವಂತೆ ಕೆಲಸವನ್ನು ಗಂಟು ಹಾಕಿಡುವ ಅಭ್ಯಾಸದವರು ಆಗಲೇ ಹಿಂದೆ ಸರಿಯುತ್ತಾರೆ. ಉಳಿದವರಲ್ಲಿ ಯಾರನ್ನು ಆರಿಸಿದರೂ ನಷ್ಟದ ಸಂಭವ ಕಡಿಮೆ. ಆಗ ಬೆಲೆ, ವೇಳೆ, ಅಭಿರುಚಿ ಇವನ್ನು ನೋಡಿ ತೀರ್ಮಾನಿಸಬಹುದು.